ಹೃದಯದ ವ್ಯವಹಾರ: ಒಂದು ಫ್ರೆಂಚ್ ನುಡಿ, ಮೂರು ಕಾದಂಬರಿಗಳು

ಕೆಲವು ಮಾತುಗಳು ತಮ್ಮ ನಾಡನ್ನು ಬಿಟ್ಟು ಬೇರೊಂದು ನಾಡಿಗೆ ಹೋಗುವಾಗ ಅರ್ಥವನ್ನು ಮಾತ್ರವಲ್ಲ, ಒಂದು ಮನೋಧರ್ಮವನ್ನೂ ಜೊತೆಗೆ ಕೊಂಡೊಯ್ಯುತ್ತವೆ. 'ಅಫೇರ್ ದ ಕರ್' ಎಂಬ ಫ್ರೆಂಚ್ ನುಡಿ ಅಂಥವುಗಳಲ್ಲೊಂದು. 'ಹೃದಯದ ವ್ಯವಹಾರ' ಎಂಬುದು ಅದರ ಪದಶಃ ಅರ್ಥ. ಪ್ರೇಮಪ್ರಕರಣವೆಂಬುದು ರೂಢಿಯ ಅರ್ಥ. ಇಂಗ್ಲಿಷರು ಇದನ್ನು ತಮ್ಮ ಭಾಷೆಗೆ ತಿರುಗಿಸಿಕೊಂಡೂ ಬಳಸಿದರು, ಫ್ರೆಂಚ್ ರೂಪದಲ್ಲಿಯೇ ಇರಗೊಟ್ಟೂ ಬಳಸಿದರು. ಕಾಲಕ್ರಮದಲ್ಲಿ 'ಹೃದಯ' ಎಂಬ ಭಾಗ ಉದುರಿಹೋಗಿ 'ಅಫೇರ್' ಎಂಬುದಷ್ಟೇ ಉಳಿಯಿತು. ಇಂಗ್ಲಿಷಿನ ಹಾದಿಯಿಂದ ಆ ಪದ ಕನ್ನಡಿಗರ ಮನೆಮಾತಿನೊಳಕ್ಕೂ ಬಂದು ಸೇರಿದೆ. 'ಅವರಿಬ್ಬರಿಗೂ ಅಫೇರ್ ಇದೆಯಂತೆ' ಎಂಬ ಮಾತನ್ನು ಇಂದು ಹಿರಿಯರ ಎದುರಿನಲ್ಲಿಯೂ ಯಾರೂ ತಡವರಿಸದೆ ಆಡುತ್ತಾರೆ. ಅದೇ ಸಂಗತಿಯನ್ನು ಕನ್ನಡದ ಹಳೆಯ ಪದಗಳಲ್ಲಿ ಹೇಳಬೇಕಾದರೆ ನಾಲಿಗೆ ಹಿಂಜರಿಯುತ್ತದೆ. ನಾಲಿಗೆಯ ಈ ಹಿಂಜರಿಕೆಯನ್ನು ನೀಗಿಸಿದ್ದು ಒಳಿತಾಯಿತೋ ಕೆಡುಕಾಯಿತೋ ಎಂಬುದು ವಿಚಾರ ಮಾಡತಕ್ಕ ಪ್ರಶ್ನೆ.

ಪದದ ಹುಟ್ಟನ್ನು ಮೊದಲು ನೋಡಬೇಕು. 'ಅಫೇರ್' ಎಂಬುದು 'ಆ ಫೇರ್' ಎಂಬೆರಡು ಫ್ರೆಂಚ್ ಪದಗಳು ಕೂಡಿ ಆದದ್ದು. 'ಮಾಡಬೇಕಾದುದು' ಎಂದು ಅದರ ಮೂಲಾರ್ಥ. ಬಹುವಚನದಲ್ಲಿ ಅದು ವ್ಯಾಪಾರ ವಹಿವಾಟು. ನ್ಯಾಯಾಲಯದ ಮೊಕದ್ದಮೆಗೂ ಅದೇ ಪದ; ೧೮೯೪ರಲ್ಲಿ ನಿರಪರಾಧಿಯಾದ ಸೈನ್ಯಾಧಿಕಾರಿಯೊಬ್ಬನಿಗೆ ಶಿಕ್ಷೆಯಾಗಿ ೧೯೦೬ರಲ್ಲಿ ಅವನು ನಿರ್ದೋಷಿಯೆಂದು ಘೋಷಿತನಾದ ಪ್ರಸಿದ್ಧ ಪ್ರಕರಣ ಇಂದಿಗೂ 'ದ್ರೇಫ್ಯೂಸ್ ಅಫೇರ್' ಎಂದೇ ಖ್ಯಾತ. ಮಾನಕ್ಕಾಗಿ ಇಬ್ಬರು ಕತ್ತಿ ಹಿರಿದು ಕಾದುವ ದ್ವಂದ್ವಯುದ್ಧಕ್ಕೆ 'ಮಾನದ ಅಫೇರ್' ಎಂಬ ಹೆಸರಿತ್ತು. ಇಂಗ್ಲಿಷರು ಅದನ್ನೂ ಎರವಲು ಪಡೆದರು. ಪ್ರೇಮ, ಕಾಳಗ, ವಹಿವಾಟು, ಮೊಕದ್ದಮೆ ಇವು ನಾಲ್ಕಕ್ಕೂ ಒಂದೇ ಪದ. ಕನ್ನಡದ 'ವ್ಯವಹಾರ' ಎಂಬ ಪದದ ವ್ಯಾಪ್ತಿಯೂ ಹೆಚ್ಚುಕಡಿಮೆ ಹೀಗೆಯೇ ಇದೆ. ಅಂಗಡಿಯ ಕೊಡು-ಕೊಳ್ಳುವಿಕೆ ವ್ಯವಹಾರ. ಧರ್ಮಶಾಸ್ತ್ರಗಳ ಪರಿಭಾಷೆಯಲ್ಲಿ ನ್ಯಾಯಸಭೆಯ ಮುಂದಿನ ವಿವಾದವೂ ವ್ಯವಹಾರ. ಯಾರದಾದರೂ ನಡತೆಯ ಬಗ್ಗೆ ಸಂದೇಹ ಬಂದಾಗ 'ಅವರ ವ್ಯವಹಾರ ಸರಿಯಿಲ್ಲ' ಎಂದು ಜನ ಹೇಳುವುದೂ ಉಂಟು.

ಇಲ್ಲಿ ಒಂದು ವಿಪರ್ಯಾಸವಿದೆ. 'ಮಾಡು' ಎಂಬ ಧಾತುವಿನಿಂದ ಹುಟ್ಟಿದ ಪದಕ್ಕೆ ಮಾಡುವವನೊಬ್ಬ ಇರಲೇಬೇಕು. ಆದರೆ ಬಳಕೆಯಲ್ಲಿ ಈ ಪದವು ಮಾಡಿದವನನ್ನೇ ಮರೆಮಾಡುತ್ತದೆ. ಅಫೇರ್ 'ಇರುತ್ತದೆ', 'ನಡೆಯುತ್ತದೆ', 'ಮುಗಿಯುತ್ತದೆ'. ಮಳೆ ಬಂದು ನಿಂತಂತೆ ಅದೂ ತಾನಾಗಿ ಬಂದು ತಾನಾಗಿ ನಿಲ್ಲುತ್ತದೆ. ಯಾರು ಯಾರಿಗೆ ಏನು ಮಾಡಿದರು, ಅದರ ಭಾರ ಯಾರ ಹೆಗಲಿಗೆ ಬಿತ್ತು ಎಂಬ ಪ್ರಶ್ನೆಗಳಿಗೆ ಆ ಪದದೊಳಗೆ ಜಾಗವಿಲ್ಲ. ಹೃದಯ ಎಂಬ ಪದ ಜೊತೆಗಿದ್ದಾಗಲೂ ಇದ್ದದ್ದು ಪ್ರೇಮಿಸಿದವರ ಹೃದಯವೊಂದೇ. ನೊಂದವರ ಹೃದಯದ ಸುದ್ದಿ ಅಲ್ಲಿರಲಿಲ್ಲ.

ಇದೇ ಅರ್ಥಕ್ಕೆ ಇಂಗ್ಲಿಷಿಗೆ ಹೋದ ಇನ್ನೊಂದು ಫ್ರೆಂಚ್ ಪದ 'ಲಿಯೇಸೋಂ'. ಕಟ್ಟುವುದು, ಬಿಗಿಯುವುದು ಎಂಬುದು ಅದರ ಮೂಲಾರ್ಥ. ಫ್ರೆಂಚ್ ಅಡುಗೆಯವರು ಸಾರನ್ನು ಮಂದವಾಗಿಸುವ ಕ್ರಮಕ್ಕೂ ಈ ಹೆಸರಿದೆ. ಪದದ ಕೊನೆಯ ಮೌನವ್ಯಂಜನವು ಮುಂದಿನ ಸ್ವರದೊಡನೆ ಕೂಡಿ ಉಚ್ಚಾರಗೊಳ್ಳುವ, ಸಂಧಿಯನ್ನು ನೆನಪಿಸುವ ಕ್ರಿಯೆಗೂ ಇದೇ ಹೆಸರು. ೧೭೮೨ರಲ್ಲಿ ಈ ಪದವನ್ನು ಶೀರ್ಷಿಕೆಯಲ್ಲಿಟ್ಟುಕೊಂಡ ಫ್ರೆಂಚ್ ಕಾದಂಬರಿಯೊಂದು ೧೭೮೪ರಲ್ಲಿ ಇಂಗ್ಲಿಷಿಗೆ ಬಂದಾಗ ಅನುವಾದಕರು ಅದನ್ನು 'ಡೇಂಜರಸ್ ಕನೆಕ್ಷನ್ಸ್' ಎಂದು ಕರೆದರು, ಅಂದರೆ 'ಅಪಾಯಕಾರಿ ಸಂಬಂಧಗಳು'. ಎರಡು ಶತಮಾನಗಳ ಬಳಿಕ, ೧೯೮೮ರಲ್ಲಿ, ಅದೇ ಕಥೆ ಇಂಗ್ಲಿಷ್ ಚಲನಚಿತ್ರವಾದಾಗ ಅದರ ಹೆಸರು 'ಡೇಂಜರಸ್ ಲಿಯೇಸನ್ಸ್'. ತಮ್ಮ ಭಾಷೆಯಲ್ಲಿ 'ಸಂಬಂಧ' ಎಂಬ ಅರ್ಥದ ಪದವಿದ್ದರೂ ಇಂಗ್ಲಿಷರು ಪರದೇಶದ ಪದಕ್ಕೆ ಒಲಿದರು. ಪರಭಾಷೆಯ ಪದದಲ್ಲಿ ಹೇಳಿದ ತಪ್ಪು ಪರದೇಶದವರ ತಪ್ಪಿನಂತೆ ತೋರುತ್ತದೆ ಎಂಬುದೂ ಆ ಒಲವಿನ ಒಂದು ಕಾರಣವಾಗಿದ್ದೀತು.

ಆದರೆ ಈ ಪದಗಳನ್ನು ಜಗತ್ತಿಗೆ ಕೊಟ್ಟ ಫ್ರೆಂಚ್ ಭಾಷೆಯೇ ಆ ಪದಗಳು ಮರೆಮಾಡುವ ಸಂಗತಿಗಳನ್ನು ನಿರ್ದಾಕ್ಷಿಣ್ಯವಾಗಿ ಹೊರಗೆಳೆದು ತೋರಿಸುವ ಕಾದಂಬರಿಗಳನ್ನೂ ಕೊಟ್ಟಿದೆ. ಅವುಗಳಲ್ಲಿ ಮೂರನ್ನು ಒಟ್ಟಿಗಿಟ್ಟು ಓದಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ಪ್ರೇಮಪ್ರಕರಣವನ್ನು ವಸ್ತುವಾಗಿಸಿಕೊಂಡ ಶ್ರೇಷ್ಠ ಕೃತಿ ಅದನ್ನು ವೈಭವೀಕರಿಸುವುದಿಲ್ಲ, ಅದರ ಲೆಕ್ಕವನ್ನು ಬರೆದಿಡುತ್ತದೆ. ಮಾಡಿದವರಾರು, ಮಾಡಿಸಿದವರಾರು, ತೆತ್ತವರಾರು ಎಂಬ ಮೂರು ಬಾಬುಗಳೂ ಆ ಲೆಕ್ಕದಲ್ಲಿರುತ್ತವೆ.

ಮೊದಲನೆಯದು ಮದಾಂ ದ ಲಾ ಫಾಯೆತ್ ಬರೆದ 'ಲಾ ಪ್ರಿನ್ಸೆಸ್ ದ ಕ್ಲೇವ್'. ೧೬೭೮ರಲ್ಲಿ ಲೇಖಕಿಯ ಹೆಸರಿಲ್ಲದೆ ಇದು ಪ್ರಕಟವಾಯಿತು. ಕಥೆ ನಡೆಯುವುದು ಅದಕ್ಕೂ ಸುಮಾರು ನೂರಿಪ್ಪತ್ತು ವರ್ಷ ಹಿಂದಿನ ಎರಡನೆಯ ಆನ್ರಿ ದೊರೆಯ ಆಸ್ಥಾನದಲ್ಲಿ. ಆ ಆಸ್ಥಾನದಲ್ಲಿ ಪ್ರೇಮಪ್ರಕರಣಗಳು ರಾಜಕೀಯದ ಜೊತೆ ಬೆಸೆದುಕೊಂಡಿವೆ. ಅವು ಯಾರಿಗೂ ಆಶ್ಚರ್ಯವಲ್ಲ. ಎಳೆಯ ವಯಸ್ಸಿನ ನಾಯಕಿ ಗೌರವವಿದ್ದರೂ ಅನುರಾಗವಿಲ್ಲದೆ ಕ್ಲೇವ್ ರಾಜಕುಮಾರನ ಕೈಹಿಡಿಯುತ್ತಾಳೆ. ಬಳಿಕ ನೆಮೂರ್ ಪ್ರಭುವನ್ನು ಕಂಡು ಅವಳ ಮನಸ್ಸು ಅವನತ್ತ ವಾಲುತ್ತದೆ. ತಾಯಿ ಸಾಯುವ ಗಳಿಗೆಯಲ್ಲಿ ಎಚ್ಚರಿಸುತ್ತಾಳೆ. ಕೊನೆಗೆ ಅವಳು ಆ ಆಸ್ಥಾನದಲ್ಲಿ ಯಾರೂ ಮಾಡದ ಕೆಲಸವನ್ನು ಮಾಡುತ್ತಾಳೆ. ತನ್ನ ಮನಸ್ಸಿಗೆ ಅಪಾಯವೊದಗಿದೆ, ತನ್ನನ್ನು ಆಸ್ಥಾನದಿಂದ ದೂರವಿರಗೊಡಬೇಕು ಎಂದು ಗಂಡನ ಎದುರಿನಲ್ಲಿಯೇ ಒಪ್ಪಿಕೊಳ್ಳುತ್ತಾಳೆ. ಆ ಮನುಷ್ಯ ಯಾರೆಂಬುದನ್ನು ಮಾತ್ರ ಹೇಳುವುದಿಲ್ಲ.

ಹೆಂಡತಿ ಹೀಗೆ ಗಂಡನಿಗೆ ಹೇಳಬಹುದೆ, ಹೇಳಬಾರದೆ ಎಂಬ ಪ್ರಶ್ನೆ ಆಗಿನ ಫ್ರಾನ್ಸನ್ನು ಕಲಕಿತು. 'ಮರ್ಕ್ಯೂರ್ ಗಲಾಂ' ಎಂಬ ಪತ್ರಿಕೆ ಆ ವರ್ಷವೇ ಅದನ್ನು ಓದುಗರ ಮುಂದಿಟ್ಟು, ಅವರಿಂದ ಬಂದ ಉತ್ತರಗಳನ್ನು ಅಚ್ಚು ಹಾಕಿತು. ಇಂದಿನ ಓದುಗರಿಗೂ ಆ ಪ್ರಶ್ನೆ ಹಳೆಯದೆನಿಸುವುದಿಲ್ಲ. ಕಾದಂಬರಿ ಅದಕ್ಕೆ ಸುಲಭದ ಉತ್ತರ ಕೊಡುವುದಿಲ್ಲ ಎಂಬುದೇ ಅದರ ಹಿರಿಮೆ. ಸತ್ಯ ಹೇಳಿದ್ದರಿಂದ ಮನೆ ಉಳಿಯಲಿಲ್ಲ. ಗಂಡ ಉದಾರಿ, ಆದರೆ ಕೇಳಿದ್ದನ್ನು ಹೊತ್ತು ನಿಲ್ಲುವ ಶಕ್ತಿ ಅವನಲ್ಲಿರಲಿಲ್ಲ. ಅವನು ನೆಮೂರನ ಬೆನ್ನಿಗೆ ಒಬ್ಬನನ್ನು ಬಿಡುತ್ತಾನೆ. ನೆಮೂರ್ ಎರಡು ರಾತ್ರಿ ತೋಟವನ್ನು ಹೊಕ್ಕಿದ್ದನೆಂಬ ಅರ್ಧ ಸುದ್ದಿ ಸಾಕಾಗುತ್ತದೆ. ಪೂರ್ತಿ ಕೇಳದೆಯೇ ನಂಬಿ, ಕೊರಗಿ ಹಾಸಿಗೆ ಹಿಡಿದು ಸಾಯುತ್ತಾನೆ. ಆ ತೋಟದಲ್ಲಿ ಅವಳು ನೆಮೂರನನ್ನು ಭೇಟಿಯಾಗಿಯೇ ಇರಲಿಲ್ಲ.

ಇಲ್ಲಿ ಲೋಕವು 'ಅಫೇರ್' ಎನ್ನುವಂಥದ್ದು ಏನೂ ನಡೆಯಲಿಲ್ಲ. ಆದರೂ ಒಬ್ಬ ಮನುಷ್ಯ ಸತ್ತ. ಹಿಂಸೆ ಮೈಯಿಂದ ನಡೆಯುವುದಕ್ಕೆ ಮುಂಚೆ ಮನಸ್ಸಿನಲ್ಲಿ ನಡೆಯುತ್ತದೆ ಎಂಬ ಮಾತನ್ನು ಜೈನ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಗಮನಿಸಬೇಕಾದುದು ನಾಯಕಿಯ ಮುಂದಿನ ನಡೆ. ಗಂಡ ಸತ್ತ ಮೇಲೆ ಅವಳು ಸ್ವತಂತ್ರಳು; ನೆಮೂರನನ್ನು ಮದುವೆಯಾಗಲು ಲೋಕದ ಅಡ್ಡಿಯಿಲ್ಲ. ಆದರೂ ಅವಳು ಒಪ್ಪುವುದಿಲ್ಲ. ಗಂಡನ ಸಾವಿನಲ್ಲಿ ತಮ್ಮಿಬ್ಬರ ಪಾಲೂ ಇದೆಯೆಂಬ ಅರಿವು ಒಂದು ಕಾರಣ. ಈ ಪ್ರೇಮವೂ ಒಂದು ದಿನ ಆರುತ್ತದೆ, ಮನಸ್ಸಿನ ನೆಮ್ಮದಿಯೇ ಮೇಲು ಎಂಬ ತಿಳಿವು ಇನ್ನೊಂದು. ವರ್ಷದ ಒಂದು ಭಾಗವನ್ನು ಮಠದಲ್ಲಿ, ಉಳಿದುದನ್ನು ತನ್ನ ಮನೆಯಲ್ಲಿ ಕಳೆದು ಅವಳು ಬೇಗನೆ ತೀರಿಕೊಳ್ಳುತ್ತಾಳೆ. ಈ ಕೊನೆಯನ್ನು ಅತಿಯೆಂದು ಟೀಕಿಸಿದವರಿದ್ದಾರೆ. ಅತಿಯೆನಿಸಿದರೂ ಮೂರೂ ಕಾದಂಬರಿಗಳಲ್ಲಿ ತನ್ನ ಲೆಕ್ಕವನ್ನು ತಾನೇ ಬರೆದು, ತಾನೇ ಸಹಿ ಹಾಕಿದವಳು ಇವಳೊಬ್ಬಳೇ.

ಎರಡನೆಯದು ಮೇಲೆ ಹೇಳಿದ, ೧೭೮೨ರಲ್ಲಿ ಬಂದ 'ಲೆ ಲಿಯೇಸೋಂ ದಾಂಜರೂಜ್'. ಬರೆದವನು ಶೊದರ್ಲೊ ದ ಲಾಕ್ಲೊ ಎಂಬ ಫಿರಂಗಿದಳದ ಅಧಿಕಾರಿ. ಕಾದಂಬರಿಯೆಲ್ಲವೂ ೧೭೫ ಪತ್ರಗಳ ರೂಪದಲ್ಲಿದೆ. ವಿಧವೆಯಾದ ಮೆರ್ತಯ್ ಎಂಬ ಶ್ರೀಮಂತೆ, ವಾಲ್ಮೋಂ ಎಂಬ ಪ್ರಭು ಹಿಂದೊಮ್ಮೆ ಪ್ರೇಮಿಗಳು, ಈಗ ಪಾಲುದಾರರು. ಪರರ ಬಾಳನ್ನು ಕೆಡಿಸುವುದು ಅವರ ವಿನೋದ. ತನ್ನನ್ನು ತೊರೆದುಹೋದವನೊಬ್ಬನ ಮೇಲೆ ಸೇಡು ತೀರಿಸಿಕೊಳ್ಳಲು ಮೆರ್ತಯ್ ಅವನ ಭಾವೀ ವಧುವಾದ ಸೆಸಿಲ್ ಎಂಬ ಹುಡುಗಿಯನ್ನು ಕೆಡಿಸುವಂತೆ ವಾಲ್ಮೋಂಗೆ ಹೇಳುತ್ತಾಳೆ. ವಾಲ್ಮೋಂನ ಕಣ್ಣು ದೈವಭಕ್ತೆಯಾದ ಗೃಹಿಣಿ ತುರ್ವೆಲ್‌ಳ ಮೇಲಿದೆ. ಅವಳನ್ನು ಸೋಲಿಸಿದುದಕ್ಕೆ ಲಿಖಿತ ಪುರಾವೆ ತಂದರೆ ತಾನೇ ಬಹುಮಾನವಾಗುವೆನೆಂದು ಮೆರ್ತಯ್ ಒಪ್ಪಂದ ಮಾಡುತ್ತಾಳೆ. ಹೃದಯದ ವ್ಯವಹಾರ ಇಲ್ಲಿ ಅಕ್ಷರಶಃ ವ್ಯವಹಾರವಾಗಿದೆ: ಕರಾರಿದೆ, ದಸ್ತಾವೇಜಿದೆ, ಪ್ರತಿಫಲವಿದೆ.

ಇದರಲ್ಲಿ ಓದುಗರ ಎದೆ ನಡುಗಿಸುವ ಘಟ್ಟ ಒಂದು ಪತ್ರದ್ದು. ತುರ್ವೆಲ್‌ಳನ್ನು ಒಲಿಸಿಕೊಂಡ ವಾಲ್ಮೋಂಗೆ ಅವಳ ಮೇಲೆ ನಿಜವಾದ ಪ್ರೀತಿ ಹುಟ್ಟಿರುವುದನ್ನು ಮೆರ್ತಯ್ ಕಂಡುಕೊಂಡು ಹಂಗಿಸುತ್ತಾಳೆ. ತೊರೆಯುವ ಪತ್ರದ ಮಾದರಿಯನ್ನು ತಾನೇ ಬರೆದುಕೊಡುತ್ತಾಳೆ. ನಡೆದುದರಲ್ಲಿ ತನ್ನ ತಪ್ಪೇನೂ ಇಲ್ಲವೆಂಬ ಅರ್ಥದ ಮಾತು ಅದರಲ್ಲಿ ಪಲ್ಲವಿಯಂತೆ ಮತ್ತೆ ಮತ್ತೆ ಬರುತ್ತದೆ. ವಾಲ್ಮೋಂ ಅದನ್ನು ನಕಲು ಮಾಡಿ ಕಳಿಸುತ್ತಾನೆ. ತುರ್ವೆಲ್ ಮಠವನ್ನು ಸೇರಿ, ಬುದ್ಧಿ ಕದಡಿ, ಅಲ್ಲಿಯೇ ಸಾಯುತ್ತಾಳೆ. 'ಅಫೇರ್' ಎಂಬ ಪದ ಮಾಡುವ ಕೆಲಸವನ್ನೇ ಈ ಪತ್ರ ಮಾಡುತ್ತದೆ. ಎಲ್ಲವೂ ತಾನಾಗಿ ಬಂತು, ತಾನಾಗಿ ಹೋಯಿತು. ಮಾಡಿದವನು ಯಾರೂ ಇಲ್ಲ. ಲಾಕ್ಲೊನ ಪ್ರತಿಭೆಯಿರುವುದು ಆ ನಿರಾಕರಣೆಯನ್ನೇ ಕೊಲೆಯ ಆಯುಧವಾಗಿ ತೋರಿಸಿದುದರಲ್ಲಿ.

ಸಮಂತಭದ್ರಾಚಾರ್ಯರ 'ರತ್ನಕರಂಡಕ ಶ್ರಾವಕಾಚಾರ' ಗೃಹಸ್ಥನ ನಾಲ್ಕನೆಯ ಅಣುವ್ರತವನ್ನು ನಿರೂಪಿಸುವ ರೀತಿಯನ್ನು ಇಲ್ಲಿ ನೆನೆಯಬಹುದು. ಪಾಪಭೀತಿಯಿಂದ ತಾನು ಪರಸತಿಯ ಬಳಿಗೆ ಹೋಗದಿರುವುದು ಮಾತ್ರವಲ್ಲ, ಪರರನ್ನು ಹೋಗುವಂತೆ ಮಾಡದಿರುವುದೂ ಆ ವ್ರತದೊಳಗೆ ಸೇರಿದೆ. ಮೊದಲನೆಯ ಮಾತು ಎಲ್ಲರಿಗೂ ಹೊಳೆಯುವಂಥದು. ಎರಡನೆಯದನ್ನು ಯಾಕೆ ಹೇಳಬೇಕಾಯಿತು ಎಂಬ ಸಂದೇಹ ಓದುಗರಿಗೆ ಬಂದರೆ ಮೆರ್ತಯ್ ಎಂಬ ಪಾತ್ರವೇ ಅದಕ್ಕೆ ಉತ್ತರ. ಸೆಸಿಲ್ ಮತ್ತು ತುರ್ವೆಲ್‌ರ ವಿಷಯದಲ್ಲಿ ಅವಳು ಸ್ವತಃ ಮಾಡಿದ್ದು ಏನೂ ಇಲ್ಲ, ಮಾಡಿಸಿದ್ದು ಎಲ್ಲ. ಕೃತ, ಕಾರಿತ, ಅನುಮೋದಿತ ಎಂದು ಕರ್ಮವನ್ನು ಮೂರು ಬಗೆಯಾಗಿ ಎಣಿಸುವ ವಿವೇಕ 'ಅಫೇರ್' ಎಂಬ ಒಂಟಿ ಪದದಲ್ಲಿಲ್ಲ. ಲಾಕ್ಲೊನ ೧೭೫ ಪತ್ರಗಳಲ್ಲಿದೆ.

ಕಾದಂಬರಿಯ ಕೊನೆಯ ಬಗ್ಗೆ ಮಾತ್ರ ಆಕ್ಷೇಪವೆತ್ತಬೇಕಾಗುತ್ತದೆ. ಸೆಸಿಲ್‌ಳನ್ನು ಪ್ರೀತಿಸುತ್ತಿದ್ದ ದಾನ್ಸೆನಿ ಎಂಬ ತರುಣನೊಡನೆ ದ್ವಂದ್ವಯುದ್ಧ ನಡೆದು ವಾಲ್ಮೋಂ ಸಾಯುತ್ತಾನೆ. ಹೃದಯದ ಅಫೇರ್ ಮಾನದ ಅಫೇರಿನಲ್ಲಿ ಮುಗಿಯುತ್ತದೆ. ಇದು ಕಥೆಯ ಒಳಗಿನಿಂದಲೇ ಬಂದ ಫಲ. ಆದರೆ ಮೆರ್ತಯ್‌ಗೆ ಸಿಡುಬು ಬಂದು ರೂಪ ಕೆಡುವುದು, ಒಂದು ಕಣ್ಣು ಹೋಗುವುದು, ಅದೇ ಹೊತ್ತಿಗೆ ಮೊಕದ್ದಮೆ ಸೋತು ಆಸ್ತಿ ಕೈಬಿಡುವುದು ಇವು ಲೇಖಕ ಹೊರಗಿನಿಂದ ತಂದು ಅಂಟಿಸಿದ ಶಿಕ್ಷೆಗಳು. ರೋಗ ಬಂದವರೆಲ್ಲ ದುಷ್ಟರೆಂದು ಬಗೆಯುವ ಅಡ್ಡದಾರಿಗೆ ಇದು ಓದುಗರನ್ನು ಒಯ್ಯಬಲ್ಲದು. ಅವಳ ನಿಜವಾದ ಶಿಕ್ಷೆ ಅದಕ್ಕೆ ಮುಂಚೆಯೇ ಬರೆದಾಗಿದೆ. ಎಳೆಯ ವಯಸ್ಸಿನಿಂದಲೇ ಮುಖದ ಮೇಲೆ ಯಾವ ಭಾವವೂ ಕಾಣದಂತೆ ತನ್ನನ್ನು ತಾನು ಪಳಗಿಸಿಕೊಂಡ ಬಗೆಯನ್ನು ಅವಳೇ ಒಂದು ದೀರ್ಘ ಪತ್ರದಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಾಳೆ. ಯಾರನ್ನೂ ನಂಬದೆ, ಯಾರ ನಂಬಿಕೆಗೂ ಅರ್ಹಳಾಗದೆ ಬದುಕುವುದಕ್ಕಿಂತ ಹೆಚ್ಚಿನ ಶಿಕ್ಷೆ ಸಿಡುಬಿನಲ್ಲಿಲ್ಲ. ಇಂಥ ಪುಸ್ತಕ ಬರೆದ ಲಾಕ್ಲೊ ೧೭೮೬ರಲ್ಲಿ ಮದುವೆಯಾಗಿ ಅಕ್ಕರೆಯ ಗಂಡನಾಗಿ ಬಾಳಿದನೆಂಬುದಕ್ಕೆ ಅವನು ಹೆಂಡತಿಗೆ ಬರೆದ ಪತ್ರಗಳು ಸಾಕ್ಷಿಯಾಗಿವೆ.

ಮೂರನೆಯದು ಗುಸ್ತಾವ್ ಫ್ಲೋಬೇರನ 'ಮದಾಂ ಬೊವಾರಿ'. ಅರಮನೆ ಆಸ್ಥಾನಗಳು ಇಲ್ಲಿಲ್ಲ. ನಾರ್ಮಂಡಿಯ ಸಣ್ಣ ಊರು, ಸಾಮಾನ್ಯ ವೈದ್ಯ ಶಾರ್ಲ್, ಅವನ ಹೆಂಡತಿ ಎಮ್ಮಾ. ೧೮೫೬ರ ಅಕ್ಟೋಬರಿನಿಂದ 'ರೆವ್ಯೂ ದ ಪಾರಿ' ಪತ್ರಿಕೆಯಲ್ಲಿ ಇದು ಧಾರಾವಾಹಿಯಾಗಿ ಬಂತು. ಕಾದಂಬರಿ ನೀತಿಗೂ ಧರ್ಮಕ್ಕೂ ಅಪಚಾರವೆಸಗಿದೆಯೆಂದು ೧೮೫೭ರ ಜನವರಿಯಲ್ಲಿ ಲೇಖಕ, ಪ್ರಕಾಶಕ, ಮುದ್ರಕರ ಮೇಲೆ ವಿಚಾರಣೆ ನಡೆದು ಫೆಬ್ರವರಿ ೭ರಂದು ಅವರೆಲ್ಲರ ಖುಲಾಸೆಯಾಯಿತು. ಎಮ್ಮಾಳನ್ನು ಖಂಡಿಸುವ ಒಂದು ಪಾತ್ರವೂ ಕಾದಂಬರಿಯಲ್ಲಿಲ್ಲ ಎಂಬುದು ಸರ್ಕಾರದ ಪರವಾಗಿ ವಾದಿಸಿದ ಪಿನಾರನ ಮುಖ್ಯ ದೂರುಗಳಲ್ಲೊಂದು. ಮಾತು ನಿಜ. ಆದರೆ ಖಂಡಿಸುವ ಪಾತ್ರವಿಲ್ಲದಿರುವುದೇ ಇದರ ಬಲವೆಂಬುದು ಅವನಿಗೆ ಕಾಣಲಿಲ್ಲ. ಬೈಯುವವರಿಲ್ಲದ ಕಡೆ ಓದುಗನೇ ಯೋಚಿಸಬೇಕಾಗುತ್ತದೆ.

ಎಮ್ಮಾ ಹರೆಯದಲ್ಲಿ ಓದಿದ್ದು 'ಹೃದಯದ ವ್ಯವಹಾರ'ಗಳನ್ನು ಬಣ್ಣಿಸುವ ಅಗ್ಗದ ಕಥೆಗಳನ್ನು. ಪದಗಳು ಕೊಟ್ಟ ಆಸೆಯನ್ನು ಬದುಕು ತೀರಿಸಲಿಲ್ಲವೆಂಬುದೇ ಅವಳ ಕೊರಗು. ಮೊದಲು ರೊಡಾಲ್ಫ್, ಆಮೇಲೆ ಲೆಯೋಂ. ಮದುವೆಯಲ್ಲಿ ಅವಳನ್ನು ಕಾಡಿದ ಬೇಸರವೇ ಕೊನೆಗೆ ಅಲ್ಲಿಯೂ ಎದುರಾಗುತ್ತದೆ. ರೊಡಾಲ್ಫ್ ಅವಳನ್ನು ತೊರೆಯುವ ಪತ್ರವನ್ನು ಜರ್ದಾಳು ಹಣ್ಣಿನ ಬುಟ್ಟಿಯ ತಳದಲ್ಲಿಟ್ಟು ಕಳಿಸುತ್ತಾನೆ. ಕಣ್ಣೀರು ಬಿದ್ದಂತೆ ತೋರಲೆಂದು ಲೋಟದ ನೀರಿನಲ್ಲಿ ಬೆರಳದ್ದಿ ಕಾಗದದ ಮೇಲೆ ಒಂದು ಹನಿ ಬೀಳಿಸಿರುತ್ತಾನೆ. ಆ ಪತ್ರದಲ್ಲಿಯೂ ದೂರು ವಿಧಿಯ ಮೇಲೆ. ಲಾಕ್ಲೊನ ಪತ್ರಕ್ಕೂ ಇದಕ್ಕೂ ಮುಕ್ಕಾಲು ಶತಮಾನದ ಅಂತರವಿದ್ದರೂ ಇಬ್ಬರು ಗಂಡಸರೂ ಆಡುವ ಸುಳ್ಳು ಒಂದೇ.

ಈ ಕಾದಂಬರಿಯಲ್ಲಿ 'ಅಫೇರ್' ಎಂಬ ಪದದ ವಹಿವಾಟಿನ ಅರ್ಥವೂ ನಿಜವಾಗುತ್ತದೆ. ಬಟ್ಟೆಬರೆ ಮಾರುವ ಲರೂ ಎಂಬ ವರ್ತಕ ಎಮ್ಮಾಳ ಗುಟ್ಟನ್ನು ಊಹಿಸಿಕೊಂಡು ಸಾಲದ ಮೇಲೆ ಸಾಲ ಕೊಡುತ್ತಾನೆ, ಪತ್ರದ ಮೇಲೆ ಪತ್ರ ಬರೆಸಿಕೊಳ್ಳುತ್ತಾನೆ. ಕೊನೆಗೆ ೮,೦೦೦ ಫ್ರಾಂಕುಗಳಿಗೆ ಜಪ್ತಿಯ ಆಜ್ಞೆ ಬರುತ್ತದೆ. ಅವಳು ೩,೦೦೦ ಫ್ರಾಂಕಿಗಾಗಿ ರೊಡಾಲ್ಫನ ಬಾಗಿಲಿಗೆ ಹೋಗುತ್ತಾಳೆ. ತನ್ನಲ್ಲಿಲ್ಲವೆಂದು ಅವನು ಹೇಳುತ್ತಾನೆ. ಅವಳು ವಿಷ ತಿನ್ನುತ್ತಾಳೆ. ಬಹಳ ಓದುಗರು ಇಲ್ಲಿಗೆ ಕಥೆ ಮುಗಿಯಿತೆಂದು ತಿಳಿಯುತ್ತಾರೆ. ಫ್ಲೋಬೇರ್ ಮುಗಿಸುವುದಿಲ್ಲ. ಶಾರ್ಲ್ ಹೆಂಡತಿಯ ಪತ್ರಗಳನ್ನು ಕಂಡುಹಿಡಿಯುತ್ತಾನೆ, ರೊಡಾಲ್ಫನನ್ನು ಎದುರುಗೊಳ್ಳುತ್ತಾನೆ, ಅವನ ಮೇಲೆ ತನಗೆ ಕೋಪವಿಲ್ಲವೆಂದು ಹೇಳಿ ಅವನಂತೆಯೇ ವಿಧಿಯನ್ನು ದೂರುತ್ತಾನೆ, ಮರುದಿನ ತೋಟದ ಬೆಂಚಿನ ಮೇಲೆ ಸಾಯುತ್ತಾನೆ. ಊಟಕ್ಕೆ ಕರೆಯಲು ಹೋದ ಪುಟ್ಟ ಮಗಳು ಬೆರ್ತ್ ಅಪ್ಪ ಆಟವಾಡುತ್ತಿರುವನೆಂದು ತಿಳಿದು ಮೆಲ್ಲನೆ ತಳ್ಳುತ್ತಾಳೆ.

ಎಲ್ಲವನ್ನೂ ಮಾರಿ ಸಾಲ ತೀರಿಸಿದ ಮೇಲೆ ಉಳಿದದ್ದು ೧೨ ಫ್ರಾಂಕ್ ೭೫ ಸಾಂತೀಮ್. ಬೆರ್ತ್‌ಳನ್ನು ಅಜ್ಜಿಯ ಮನೆಗೆ ಕಳಿಸಲು ಅದು ಸಾಕಾಯಿತು. ಅದೇ ವರ್ಷ ಅಜ್ಜಿಯೂ ಸತ್ತಳು; ತಾಯಿಯ ತಂದೆ ಪಾರ್ಶ್ವವಾಯುವಿನಿಂದ ಮಲಗಿದ್ದ. ಬಡ ಬಂಧುವೊಬ್ಬಳು ಹುಡುಗಿಯನ್ನು ಕರೆದುಕೊಂಡು ಹೋಗಿ ಹೊಟ್ಟೆಪಾಡಿಗಾಗಿ ಹತ್ತಿ ಗಿರಣಿಗೆ ಕೆಲಸಕ್ಕೆ ಹಾಕಿದಳು. ಇಷ್ಟನ್ನೂ ಫ್ಲೋಬೇರ್ ಕೆಲವೇ ಸಾಲುಗಳಲ್ಲಿ, ಲೆಕ್ಕದ ಪುಸ್ತಕದ ಒಣ ದನಿಯಲ್ಲಿ ಹೇಳಿ ಮುಗಿಸುತ್ತಾನೆ. ಯಾವ ಕಥೆಯನ್ನೂ ಓದದ, ಯಾವ ಪ್ರೇಮವನ್ನೂ ಕಾಣದ ಆ ಮಗುವಿನ ಕೈಯಲ್ಲಿ ಇಡೀ 'ಹೃದಯದ ವ್ಯವಹಾರ'ದ ಬಾಕಿ ಬಂದು ನಿಂತಿದೆ. ಪಿನಾರ್ ಹುಡುಕಿದ ನೀತಿ ಇದ್ದದ್ದು ಇಲ್ಲಿ. ಒಂದು ಕೊರತೆಯನ್ನೂ ಹೇಳಬೇಕು: ಬೆರ್ತ್ ಮೊದಲಿನಿಂದಲೂ ಕಾದಂಬರಿಯ ಅಂಚಿನಲ್ಲಿಯೇ ಇದ್ದಾಳೆ, ಅವಳ ಮನಸ್ಸಿನೊಳಕ್ಕೆ ಫ್ಲೋಬೇರ್ ಒಮ್ಮೆಯೂ ಇಳಿಯುವುದಿಲ್ಲ. ತಾಯಿ ಅವಳನ್ನು ಕಾಣದೆ ಹೋದಂತೆ ಲೇಖಕನೂ ಅವಳನ್ನು ದೂರದಿಂದಲೇ ಕಂಡ.

ಇಷ್ಟನ್ನು ಹೇಳಿದ ಮೇಲೆ ಎದುರುವಾದವನ್ನೂ ಕೇಳಬೇಕು. ಮೃದುವಾದ ಪದ ಬಂದುದರಲ್ಲಿ ಒಳಿತೇನೂ ಇಲ್ಲವೆ? ಇದೆ. ಹಳೆಯ ಕಠಿಣ ಪದಗಳು ಎಲ್ಲ ಕಾಲದಲ್ಲಿಯೂ ಹೆಚ್ಚಾಗಿ ಹೆಂಗಸಿನ ಮೇಲೆಯೇ ಬಿದ್ದಿವೆ. ಫ್ರಾನ್ಸಿನ ೧೮೧೦ರ ದಂಡಸಂಹಿತೆಯಲ್ಲಿ ಪರಪುರುಷನನ್ನು ಕೂಡಿದ ಹೆಂಡತಿಗೆ ಮೂರು ತಿಂಗಳಿನಿಂದ ಎರಡು ವರ್ಷದವರೆಗೆ ಸೆರೆವಾಸವಿತ್ತು. ಗಂಡನಾದರೋ ಉಪಪತ್ನಿಯನ್ನು ಮನೆಯಲ್ಲಿಯೇ ತಂದಿರಿಸಿಕೊಂಡರೆ ಮಾತ್ರ ತಪ್ಪಿತಸ್ಥ, ಅದಕ್ಕೂ ದಂಡ ತೆತ್ತರೆ ಮುಗಿಯಿತು. ವ್ಯಭಿಚಾರ ಅಲ್ಲಿ ಅಪರಾಧವಲ್ಲವೆಂದಾದುದು ೧೯೭೫ರಲ್ಲಿ. ೧೮೧೬ರಿಂದ ೧೮೮೪ರವರೆಗೆ ವಿಚ್ಛೇದನಕ್ಕೂ ಅವಕಾಶವಿರಲಿಲ್ಲ. ಎಮ್ಮಾಳ ಮುಂದೆ ಇದ್ದದ್ದು ಮುಚ್ಚಿದ ಬಾಗಿಲು. ಕನ್ನಡದ ಬೈಗುಳಗಳನ್ನು ಲೆಕ್ಕ ಹಾಕಿದರೂ ತೂಕ ಹೆಣ್ಣಿನ ಕಡೆಗೇ ವಾಲುತ್ತದೆ. ಆದ್ದರಿಂದ ಕಲ್ಲಿನಂಥ ಹಳೆಯ ಪದಗಳನ್ನು ಮತ್ತೆ ಕೈಗೆತ್ತಿಕೊಳ್ಳಿರೆಂಬುದು ಈ ಚರ್ಚೆಯ ಉಪದೇಶವಲ್ಲ. ಕಠಿಣ ಪದ ಒಬ್ಬಳನ್ನೇ ಹೊಡೆಯುತ್ತದೆ, ಮೃದು ಪದ ಎಲ್ಲರನ್ನೂ ಬಿಟ್ಟುಬಿಡುತ್ತದೆ. ಎರಡರಲ್ಲಿಯೂ ನ್ಯಾಯವಿಲ್ಲ.

ಇಂಥ ಪುಸ್ತಕಗಳು ಮನೆಯಲ್ಲಿ, ಬಸದಿಯ ಆಶ್ರಯದ ಗ್ರಂಥಭಂಡಾರದಲ್ಲಿ ಇರಬಹುದೆ ಎಂಬ ಪ್ರಶ್ನೆಯೂ ಸಹಜವಾದುದು. ಲಾಕ್ಲೊ ತನ್ನ ಮುನ್ನುಡಿಯಲ್ಲಿಯೇ ಇದನ್ನು ಎತ್ತಿಕೊಂಡಿದ್ದಾನೆ: ಹಸ್ತಪ್ರತಿಯನ್ನು ಓದಿದ ವಿವೇಕಿಯಾದ ತಾಯಿಯೊಬ್ಬಳು ಮಗಳ ಮದುವೆಯ ದಿನ ಈ ಪುಸ್ತಕವನ್ನು ಅವಳಿಗೆ ಕೊಟ್ಟರೆ ಉಪಕಾರವಾದೀತೆಂದಳಂತೆ. ಇದರಲ್ಲಿ ವ್ಯಂಗ್ಯವೆಷ್ಟು, ನಿಜವೆಷ್ಟು ಎಂಬುದನ್ನು ಓದುಗರಿಗೇ ಬಿಡಬಹುದು. ಕನ್ನಡದ ಜೈನ ಮನೆಗಳಿಗೆ ಈ ವಿಷಯ ಹೊಸದಲ್ಲ. ೧೨೦೯ರ ಜನ್ನನ 'ಯಶೋಧರ ಚರಿತೆ' ರಾಣಿ ಅಮೃತಮತಿ ಅಷ್ಟಾವಂಕನ ಹಾಡಿಗೆ ಮನಸೋತ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಕತ್ತಿಯೆತ್ತಿದ ದೊರೆ ಅದನ್ನು ತಡೆಹಿಡಿದುಕೊಳ್ಳುವುದನ್ನೂ, ಅಷ್ಟು ತಡೆದವನೇ ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟು ಸಂಕಲ್ಪಹಿಂಸೆಯ ಫಲವನ್ನು ಜನ್ಮಜನ್ಮಾಂತರ ಉಣ್ಣುವುದನ್ನೂ ಅದು ಕಾಣಿಸುತ್ತದೆ. ತಪ್ಪು ಮಾಡಿದವಳ ಲೆಕ್ಕವನ್ನು ಮಾತ್ರವಲ್ಲ, ನೊಂದವನು ನೋವಿನಲ್ಲಿ ಮಾಡಿದ ಕರ್ಮದ ಲೆಕ್ಕವನ್ನೂ ಜನ್ನ ಬಿಡಲಿಲ್ಲ. ಎಂಟುನೂರು ವರ್ಷಗಳಿಂದ ಇಂಥ ಕಾವ್ಯವನ್ನು ಕಾಪಾಡಿಕೊಂಡು ಬಂದವರು ಫ್ರೆಂಚ್ ಕಾದಂಬರಿಗೆ ಅಂಜಬೇಕಾಗಿಲ್ಲ. ಅಂಜಬೇಕಾದುದು ಎಮ್ಮಾ ಓದಿದಂಥ, ಲೆಕ್ಕವನ್ನೇ ಬರೆಯದ ಕಥೆಗಳಿಗೆ. ಅಂಥವು ಇಂದು ಪುಸ್ತಕದಲ್ಲಿ ಮಾತ್ರವಲ್ಲ, ಪರದೆಯ ಮೇಲೂ ದಿನವೂ ಮನೆಗೆ ಬರುತ್ತಿವೆ.

ಸಮಂತಭದ್ರಾಚಾರ್ಯರು ಹೇಳುವ ಆ ಅಣುವ್ರತಕ್ಕೆ ಎರಡು ಹೆಸರುಗಳಿವೆ: ಪರದಾರನಿವೃತ್ತಿ ಮತ್ತು ಸ್ವದಾರಸಂತೋಷ. ಒಂದು ಬಿಡುವುದನ್ನು ಹೇಳುತ್ತದೆ, ಇನ್ನೊಂದು ಪಡೆಯುವುದನ್ನು ಹೇಳುತ್ತದೆ. ಮಾತು ಪುರುಷನನ್ನು ಕುರಿತಾದರೂ ಅರ್ಥ ಇಬ್ಬರಿಗೂ ಸಲ್ಲುವಂಥದು. ಮನೆಯೊಳಗೆ ಸಂತೋಷವನ್ನು ಬೆಳೆಸುವ ಹೊಣೆಯನ್ನು ಎರಡನೆಯ ಹೆಸರು ನೆನಪಿಸುತ್ತದೆ. ಶಾರ್ಲ್ ಒಳ್ಳೆಯವನು, ಆದರೆ ಹೆಂಡತಿಯ ಮನಸ್ಸಿನಲ್ಲಿ ಏನಿದೆಯೆಂದು ಒಮ್ಮೆಯೂ ಅರಿಯಲಿಲ್ಲ. ಕ್ಲೇವ್ ರಾಜಕುಮಾರ ಅರಿತ, ತಾಳಲಾರದೆ ಹೋದ. ಈ ಇಬ್ಬರು ಗಂಡಂದಿರ ಕಥೆಯೂ ಗೃಹಸ್ಥರು ಓದತಕ್ಕದ್ದೇ.

ಇನ್ನು ಯಾರಾದರೂ 'ಅವರಿಗೆ ಅಫೇರ್ ಇದೆಯಂತೆ' ಎಂದು ಹಗುರವಾಗಿ ಹೇಳಿದಾಗ ಕೇಳಿದವರು ಬೈಯಬೇಕಾಗಿಲ್ಲ, ನಗಬೇಕಾಗಿಯೂ ಇಲ್ಲ. ನಗೆ ಅನುಮೋದನೆಯಾಗುತ್ತದೆ, ಬೈಗುಳ ಒಬ್ಬಳ ಪಾಲಿಗೆ ಹೋಗುತ್ತದೆ. ಆ ಮನೆಯಲ್ಲಿ ಮಕ್ಕಳಿದ್ದಾರೆಯೆ, ಅವರನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಕೇಳಿದರೆ ಸಾಕು.